ಒಳಗೆ ಬಟ್ಟೆ ಬಿಡಿ

ಕಾಟನ್‌ಪೇಟೆಯಲ್ಲಿ ನನ್ನ ಮುಖ ಕಂಡವರು
ಮೊದಲು ಕೇಳುವುದು ಒಂದೇ: ಯಾರು ಮಾಡಿದ್ದು?
ಗಂಡನಾ, ಸ್ಟವ್ವಾ, ಆಸಿಡ್ಡಾ.
ಯಾರೂ ಅಲ್ಲ ಕಣ್ರೀ ಅಂದರೆ ಮುಖ ಸಪ್ಪಗಾಗುತ್ತದೆ, ಅವರದು.

ಆಯುಧಪೂಜೆಯ ಸಂಜೆ.
ಮಿಷಿನ್ನಿಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದು,
ಪೆಡಲಿನ ಪಕ್ಕ ದೀಪ ಹಚ್ಚಿದ್ದೆ.
ನಿಶ್ಚಿತಾರ್ಥದ ರವಿಕೆಯೊಂದರ ಮೇಲೆ
ಮಿಷಿನ್ ಎಣ್ಣೆಯ ಕಲೆ, ಕಾಸಗಲ.
ಕಲೆಗೆ ಪೆಟ್ರೋಲು; ಕಸುಬಿನವರಿಗೆಲ್ಲ ಗೊತ್ತು.
ದೀಪಕ್ಕೂ ಗೊತ್ತಿತ್ತು.

ರವಿಕೆ ಉಳಿಯಲಿಲ್ಲ. ಕಲೆ ನನಗೆ ಬಂತು.

ವಿಕ್ಟೋರಿಯಾದಲ್ಲಿ ಸೊಳ್ಳೆಪರದೆಯೊಳಗೆ ನಲವತ್ತೊಂದು ದಿನ.
ಬೆಳಗಿನ ಜಾವ ಮಾರ್ಕೆಟ್ಟಿಗೆ ಬರುವ ಸೇವಂತಿಗೆ ಮೂಟೆಗಳ ವಾಸನೆ
ಮುಲಾಮಿನ ಮೇಲೆ ಹಾದು
ಕಲಾಸಿಪಾಳ್ಯದ ಹಾರನ್ನುಗಳ ಕಡೆ ಹೋಗುತ್ತಿತ್ತು.
ಗಾಯ ಮಾಗಿತು. ಮಾಗುತ್ತ ಮಾಗುತ್ತ ಬಿಗಿಯಿತು.
ಕೆಳರೆಪ್ಪೆಯನ್ನು ಲಾಡಿಯ ಹಾಗೆ ಜಗ್ಗಿ
ಕೆನ್ನೆಗೆ ಕಟ್ಟಿತು.
ಹನ್ನೊಂದು ತಿಂಗಳು ಒಂದು ಕಣ್ಣು ತೆರೆದೇ ಮಲಗಿದೆ.
ಇನ್ನೊಂದು ಕನಸು ಕಾಣುವಾಗ
ಅದು ಫ್ಯಾನು ನೋಡುತ್ತಿತ್ತು.

ಡಾಕ್ಟರ್ ಜಸಿಂತಾ ಸ್ಟೂಲು ಎಳೆದು ಕೂತರು.
ದಾರದ ಪೊಟ್ಟಣದ ಬೆಳ್ಳಿಕಾಗದ ಬಿಡಿಸಿ
ರೆಪ್ಪೆಯ ಕೆಳಗೆ ಒತ್ತಿ, ಶಾಯಿಯಲ್ಲಿ ಗೆರೆ ಎಳೆದು
ಕತ್ತರಿ ಎತ್ತಿಕೊಂಡರು.
ಬಾಯಿ ಸುಮ್ಮನಿರಲಿಲ್ಲ ನನ್ನದು:
"ಅಷ್ಟೇ ಅಳತೆಗಾ ಮೇಡಂ? ಕೋರಾ ಬಟ್ಟೆ. ನೀರು ಕಂಡರೆ ಕುಗ್ಗುತ್ತೆ.
ಒಳಗೆ ಸ್ವಲ್ಪ ಬಿಡಿ."
ಅಲ್ಲಿಯವರೆಗೆ ಗಾಯ ನೋಡುತ್ತಿದ್ದವರು
ನನ್ನನ್ನು ನೋಡಿದರು.
"ಕುಗ್ಗುತ್ತೆ, ರುಕ್ಮಾಬಾಯಿ. ಅದಕ್ಕೇ ದೊಡ್ಡದಾಗಿ ತೆಗೀತೀವಿ.
ಕಿವಿಯ ಹಿಂದಿಂದ ರೆಪ್ಪೆಗೆ,
ಕಾಲರ್ ಮೂಳೆಯ ಮೇಲಿಂದ ಕೆನ್ನೆಗೆ.
ಬಣ್ಣ ಹೊಂದಬೇಕಲ್ಲ."
ಲೈನಿಂಗ್ ಹೊಂದಿಸಲು ಚಿಕ್ಕಪೇಟೆ ಪೂರ್ತಿ ಸುತ್ತಿದವಳಿಗೆ
ಹೇಳುತ್ತಾರೆ ಇದನ್ನು!
"ತೇಪೆ ತೇಪೆ ಹಾಕಲ್ಲ. ಕೆನ್ನೆಗೆ ಒಂದೇ ತುಂಡು,
ಹೊಲಿಗೆ ಮೂಗಿನ ಪಕ್ಕದ ಮಡಿಕೆಯಲ್ಲಿ."
ಸರಿ. ಜೋಡಣೆಯನ್ನು ನಾವೂ ನೆರಿಗೆಯಲ್ಲೇ ಮರೆಸುವುದು.

ಆಮೇಲೆ ಕೆನ್ನೆಯ ಮೇಲೆ ಹತ್ತಿಯ ಪುಟ್ಟ ದಿಂಬು,
ಸುತ್ತ ದಾರ ಬಿಗಿದು ಐದು ದಿನ.
ಅಗಿಯಬೇಡಿ, ಮಾತಾಡಬೇಡಿ, ನಗಬೇಡಿ.
ಸ್ಟ್ರಾ ಹಾಕಿ ರಾಗಿಗಂಜಿ.
ಆಗಲೇ ಬರಬೇಕೇ ಕಾಜಾ ಹಾಕುವ ತನ್ವೀರ್,
ಮಂಚದ ತುದಿಗೆ ನಿಂತು ವರದಿ ಕೊಡಲು:
"ಅಕ್ಕಾ, ಒಂದು ರವಿಕೆ ನಾನೇ ಹೊಲಿದೆ.
ಎರಡೂ ಎಡಗೈ ತೋಳೇ ಬಂದುಬಿಟ್ಟಿವೆ."
ಆ ನಗು ಎಲ್ಲಿ ಹೋಯಿತೋ. ಹೊಟ್ಟೆಯಲ್ಲಿ ಇನ್ನೂ ಇರಬೇಕು.

ಆರನೇ ದಿನ ಬಿಚ್ಚಿ, ಬೆರಳಲ್ಲಿ ಒತ್ತಿ ನೋಡಿ
ಡಾಕ್ಟರು ಒಂದೇ ಮಾತು ಅಂದರು: "ಹಿಡಿದಿದೆ."
ಕನ್ನಡಿಯಲ್ಲಿ ನೇರಳೆಯೂ ಅಲ್ಲದ, ಗುಲಾಬಿಯೂ ಅಲ್ಲದ ಬಣ್ಣ.
ಒಂದೇ ಥಾನಿನ ಬಟ್ಟೆ,
ಬೇರೆ ಬಿಸಿಲು ಕಂಡದ್ದು.

ಈಗ ದಿನಕ್ಕೆ ಇಪ್ಪತ್ತಮೂರು ಗಂಟೆ
ಗಾಜಿನಂಥ ಪ್ಲಾಸ್ಟಿಕ್ ಮುಖವಾಡ.
ಉಳಿದ ಒಂದು ಗಂಟೆ ಕೊಬ್ಬರಿ ಎಣ್ಣೆ, ಬೆರಳು, ಊಟ.
ಅಂಗಡಿ ತೆರೆದ ದಿನ ತನ್ವೀರ್
ಮುಖವಾಡ ತೆಗೆಸಿ, ಬಾಗಿಲ ಬೆಳಕಿಗೆ ತಿರುಗಿಸಿ,
ಮೂಗಿನ ಪಕ್ಕ ಹುಡುಕಿ ಹುಡುಕಿ ಕೇಳಿದ:
"ಯಾರು ಮಾಡಿದ್ದು ಅಕ್ಕಾ? ಎಂಥಾ ಕೈ!"
ಇಷ್ಟು ವರ್ಷಕ್ಕೆ ಆ ಪ್ರಶ್ನೆಗೆ
ಒಂದು ಹೆಸರು ಹೇಳಿದೆ.

ತುಟಿಯ ಮೂಲೆ ಇನ್ನೂ ಬಾಕಿ. ಕಾರ್ತೀಕ ಕಳೆದು ಬನ್ನಿ ಎಂದಿದ್ದಾರೆ.
ಈ ಸಲದ ಪೂಜೆಗೆ ದೀಪ ಹೊಸ್ತಿಲಾಚೆ ಇಟ್ಟೆ.

ಹೇಳಬೇಕೆಂದುಕೊಂಡದ್ದು ಇದೊಂದನ್ನೇ:
ರೆಪ್ಪೆಯ ಹೊಲಿಗೆ ಬಿಚ್ಚಿದ ರಾತ್ರಿ
ಪಕ್ಕದ ಮಂಚದಲ್ಲಿ ಯಾರೋ ನರಳುತ್ತಿದ್ದರು,
ಫ್ಯಾನು ಕಿರುಗುಟ್ಟುತ್ತಿತ್ತು.
ಕಣ್ಣು ಮುಚ್ಚಿದೆ.
ಕತ್ತಲೆ ಎರಡೂ ಕಡೆಯಿಂದ
ಒಂದೇ ಅಳತೆಗೆ ಬಂತು.